ಕೊನೆಯ ದಿನಾಂಕಕ್ಕೂ ಮುಂಚಿನ ದಿನಾಂಕಗಳು: ಮಂಡ್ಯದ ಒಬ್ಬ ಆನರ್ಸ್ ವಿದ್ಯಾರ್ಥಿನಿಯ ಪ್ರಕರಣ

ಮಂಡ್ಯ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಒಬ್ಬ ಹುಡುಗಿಯ ಪ್ರಕರಣ ಇದು. ನಾನು ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಕಾಲೇಜು, ಕೊನೆಗೆ ಸೇರಿದ ಸಂಸ್ಥೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಎಂದು ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಅರ್ಜಿಗಳ ಕಥೆ ಮತ್ತು ನಿರ್ಧಾರಗಳು ನಡೆದ ಹಾಗೇ ಇವೆ.

ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಒಂದೇ ಅವಕಾಶ ಒಂದು ವರ್ಷ ಅವಳ ಕೈತಪ್ಪಿತು, ಮರುವರ್ಷ ಕೈಗೆ ಬಂತು. ನಡುವೆ ಅವಳ ಅಂಕಗಳೇನೂ ಏರಲಿಲ್ಲ. ಬದಲಾದದ್ದು ಅರ್ಜಿಯ ಕೆಲಸವನ್ನು ಯಾವ ದಿನ ಶುರು ಮಾಡುತ್ತಿದ್ದಳು, ಯಾರನ್ನು ಯಾವಾಗ ಕೇಳುತ್ತಿದ್ದಳು ಎಂಬುದು. ನಮ್ಮ ಕಡೆಯ ಮಕ್ಕಳು ಎಡವುವುದು ಬಹುಪಾಲು ಇಲ್ಲೇ.

ಹಿನ್ನೆಲೆ

ಅವಳು 2021-22ರಲ್ಲಿ ಬಿಎಸ್ಸಿಗೆ ಸೇರಿದವಳು. ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ಕರ್ನಾಟಕ ಜಾರಿಗೆ ತಂದ ಮೊದಲ ವರ್ಷ ಅದು. ಮೂರು ವರ್ಷ ಮುಗಿಸಿ ಪದವಿ ತೆಗೆದುಕೊಂಡು ಹೊರಗೆ ಬರಬಹುದು, ಬೇಕಾದವರು ನಾಲ್ಕನೇ ವರ್ಷ ಓದಿ ಆನರ್ಸ್ ಪಡೆಯಬಹುದು ಎಂಬುದು ಅದರ ಲೆಕ್ಕ. ಕೋವಿಡ್‌ನಿಂದ ಕ್ಯಾಲೆಂಡರ್ ಮೊದಲೇ ಹಿಂದೆ ಬಿದ್ದಿತ್ತು. ತರಗತಿ, ಪರೀಕ್ಷೆ, ಫಲಿತಾಂಶ ಎಲ್ಲವೂ ದೇಶದ ಬೇರೆ ಸಂಸ್ಥೆಗಳ ವೇಳೆಗೆ ಹೊಂದದ ಹಾಗೆ ನಡೆಯುತ್ತಿದ್ದವು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಮನೆ ಹಳ್ಳಿಯಲ್ಲಿ. ಎರಡು ಎಕರೆಗಿಂತ ಕಡಿಮೆ ಜಮೀನು, ಕಬ್ಬು ಮತ್ತು ಸ್ವಲ್ಪ ರಾಗಿ, ಎರಡು ಹಸು. ಡಿಗ್ರಿ ಮೆಟ್ಟಿಲು ಹತ್ತಿದವರಲ್ಲಿ ಆ ಮನೆಯಲ್ಲಿ ಇವಳೇ ಮೊದಲು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ತರಗತಿಯಲ್ಲಿ ಮಾತು ಕಡಿಮೆ, ಪ್ರಯೋಗಾಲಯದಲ್ಲಿ ಕೈ ಚುರುಕು. ಪ್ರತಿ ಸೆಮಿಸ್ಟರ್‌ನಲ್ಲೂ ಶೇ 75ರ ಮೇಲೆಯೇ ಇದ್ದಳು.

ತಪ್ಪಿದ ಮೊದಲ ಅವಕಾಶ

2023ರ ನವೆಂಬರ್. ಐದನೇ ಸೆಮಿಸ್ಟರ್. ದೇಶದ ಮೂರು ವಿಜ್ಞಾನ ಅಕಾಡೆಮಿಗಳು, ಅಂದರೆ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇನ್ಸಾ ಮತ್ತು ಪ್ರಯಾಗ್‌ರಾಜ್‌ನ ನಾಸಿ, ಒಟ್ಟಾಗಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದ ವಿದ್ಯಾರ್ಥಿ ಒಬ್ಬ ವಿಜ್ಞಾನಿಯ ಜೊತೆ ಎಂಟು ವಾರ ಕೆಲಸ ಮಾಡಬಹುದು, ತಿಂಗಳ ಭತ್ಯೆಯೂ ಇರುತ್ತದೆ. ಪ್ರವೇಶ ಪರೀಕ್ಷೆ ಇಲ್ಲ. ಅಂಕ, ತಾನೇ ಬರೆದ ಒಂದು ಚಿಕ್ಕ ಬರಹ, ಅಧ್ಯಾಪಕರ ಶಿಫಾರಸು ಪತ್ರ, ಇಷ್ಟೇ. ಚಿಕ್ಕ ಊರಿನ ಕಾಲೇಜಿನ ಮಕ್ಕಳಿಗೆ ಇಂತಹ ಇನ್ನೊಂದು ಬಾಗಿಲು ಸಿಗುವುದು ಕಷ್ಟ ಎಂದೇ ನನ್ನ ಅಭಿಪ್ರಾಯ.

ಈ ವಿಷಯ ಅವಳಿಗೆ ಸಿಕ್ಕಿದ್ದು ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ್ದನ್ನು ಇನ್ಯಾರೋ ಕಳಿಸಿದಾಗ. ಆಗಲೇ ಕೊನೆಯ ದಿನಕ್ಕೆ ಹೆಚ್ಚು ಸಮಯ ಉಳಿದಿರಲಿಲ್ಲ. ಮಂಡ್ಯದ ಒಂದು ಸೈಬರ್ ಸೆಂಟರಿನಲ್ಲಿ ಕೂತು ಅರ್ಜಿ ತುಂಬಿದಳು. ಬರಹದಲ್ಲಿ ‘ನನಗೆ ವಿಜ್ಞಾನದಲ್ಲಿ ತುಂಬಾ ಆಸಕ್ತಿ ಇದೆ’ ಎಂಬ ಅರ್ಥದ ನಾಲ್ಕು ಸಾಲು. ಶಿಫಾರಸಿಗೆ ತನಗೆ ಪಾಠ ಮಾಡುತ್ತಿದ್ದ ಒಬ್ಬ ಹಿರಿಯ ಅಧ್ಯಾಪಕರ ಇ-ಮೇಲ್ ಕೊಟ್ಟಳು. ಕಾರಿಡಾರ್‌ನಲ್ಲಿ ಸಿಕ್ಕಾಗ ಹೇಳಿದಳು. ಅವರು ‘ಆಯ್ತಮ್ಮ, ಕೊಡೋಣ’ ಅಂದರು.

ಅವರು ಮನಸ್ಸಿನಿಂದಲೇ ಹಾಗೆ ಹೇಳಿದ್ದರು. ಆದರೆ ಮರುದಿನವೇ ಮೌಲ್ಯಮಾಪನಕ್ಕೆ ಮೈಸೂರಿಗೆ ಹೋದರು. ಪತ್ರ ಹಾಕುವ ಲಿಂಕ್ ಅವರು ಅಪರೂಪಕ್ಕೆ ತೆರೆಯುವ ಇ-ಮೇಲ್‌ಗೆ ಹೋಗಿ ಕೂತಿತು. ಇವಳು ದಿನಾ ಅರ್ಜಿಯ ಪುಟ ತೆಗೆದು ನೋಡುತ್ತಿದ್ದಳು. ಪತ್ರ ಬಂದಿಲ್ಲ ಎಂದು ಕಾಣುತ್ತಿತ್ತು. ಫೋನ್ ಮಾಡಲಿಲ್ಲ. ಯಾಕೆ ಎಂದು ಆಮೇಲೆ ಕೇಳಿದಾಗ ಹೇಳಿದ್ದು ಇದು: ‘ಒಂದ್ಸಲ ಹೇಳಿದ್ದೆ ಮೇಡಂ. ಮತ್ತೆ ಹೇಳಿದ್ರೆ ಸರ್ ಬೇಜಾರು ಮಾಡ್ಕೋತಾರೇನೋ ಅಂತ ಸುಮ್ನಾದೆ.’

ಶಿಫಾರಸು ಪತ್ರ ಇಲ್ಲದ ಅರ್ಜಿಯನ್ನು ಅಲ್ಲಿ ನೋಡುವುದೇ ಇಲ್ಲ. ಹಾಗಾಗಿ ಅವಳು ಆಯ್ಕೆಯ ಸಾಲಿಗೇ ಬರಲಿಲ್ಲ. ಗುರುಗಳನ್ನು ಎರಡನೇ ಸಲ ಕೇಳುವುದು ಸಲುಗೆ ಎಂದು ನಮ್ಮ ಮಕ್ಕಳು ಅಂದುಕೊಳ್ಳುತ್ತಾರೆ. ಅದು ಅವರು ಮನೆಯಿಂದ ತಂದ ಒಳ್ಳೆಯ ಗುಣ. ಅದೇ ಗುಣ ಇಲ್ಲಿ ಅವಳನ್ನು ಕಟ್ಟಿಹಾಕಿತು.

ಸಮಸ್ಯೆ ಎಲ್ಲಿತ್ತು

ಆರನೇ ಸೆಮಿಸ್ಟರ್‌ನ ಆರಂಭದಲ್ಲಿ ಅವಳು ಸ್ಟಾಫ್ ರೂಮಿಗೆ ಬಂದಳು. ಮುಂದೆ ಏನು ಮಾಡಬಹುದು ಮೇಡಂ ಎಂದು ಕೇಳಿದಳು. ಒಂದು ಹಾಳೆ ಕೊಟ್ಟು ಎಡಗಡೆ ಅರ್ಜಿಗಳ ಹೆಸರು, ಬಲಗಡೆ ಪ್ರತಿಯೊಂದಕ್ಕೂ ಬೇಕಾದ ಕಾಗದ ಬರೆಯಲು ಹೇಳಿದೆ. ಆಮೇಲೆ ಆ ಕಾಗದ ಈಗ ಯಾರ ಕೈಯಲ್ಲಿದೆ ಎಂದು ಇನ್ನೊಂದು ಕಾಲಂ ಹಾಕಿಸಿದೆ.

ಆ ಮೂರನೇ ಕಾಲಂ ತುಂಬಿದಾಗ ವಿಷಯ ಸ್ಪಷ್ಟವಾಯಿತು. ಶಿಫಾರಸು ಪತ್ರ ಅಧ್ಯಾಪಕರ ಕೈಯಲ್ಲಿ. ಅಂಕಪಟ್ಟಿ ವಿಶ್ವವಿದ್ಯಾಲಯದ ಕೈಯಲ್ಲಿ, ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಬಂದಾಗ ಬಂತು. ಜಾತಿ, ಆದಾಯ ಪ್ರಮಾಣ ಪತ್ರ ನಾಡಕಚೇರಿಯಲ್ಲಿ. ವ್ಯಾಸಂಗ ಪ್ರಮಾಣ ಪತ್ರ ಕಾಲೇಜಿನ ಕಚೇರಿಯಲ್ಲಿ. ಶುಲ್ಕದ ಹಣ ಅಪ್ಪನ ಕೈಯಲ್ಲಿ, ಅದೂ ಕಾರ್ಖಾನೆಯಿಂದ ಕಬ್ಬಿನ ಬಿಲ್ ಬಂದಾಗ. ಅವಳೊಬ್ಬಳೇ ಕೂತು ಮುಗಿಸಬಹುದಾದ ಕೆಲಸ ಅಂದರೆ ಫಾರ್ಮ್ ತುಂಬುವುದು ಮತ್ತು ಆ ಚಿಕ್ಕ ಬರಹ, ಅಷ್ಟೇ.

ಪ್ರಕಟಣೆಯಲ್ಲಿರುವ ಕೊನೆಯ ದಿನಾಂಕ ನೋಡಿಕೊಂಡು ಕೆಲಸ ಶುರು ಮಾಡಿದರೆ ಈ ಐದು ಜನರ ಬಿಡುವು ನಮ್ಮ ಆತುರಕ್ಕೆ ಸಿಗುವುದಿಲ್ಲ. ಪ್ರತಿ ಅರ್ಜಿಗೂ ಅದರೊಳಗೆ ಇನ್ನೊಂದು ದಿನಾಂಕ ಇದೆ: ಇನ್ನೊಬ್ಬರನ್ನು ಕೇಳಲೇಬೇಕಾದ ದಿನ. ಅದನ್ನು ಯಾವ ಪ್ರಕಟಣೆಯೂ ಅಚ್ಚು ಹಾಕುವುದಿಲ್ಲ. ಓದಿದವರಿರುವ ಮನೆಯಲ್ಲಿ ಅಣ್ಣನೋ ಅಕ್ಕನೋ ಅದನ್ನು ಹೇಳುತ್ತಾರೆ. ಇವಳ ಮನೆಯಲ್ಲಿ ಹೇಳುವವರು ಇರಲಿಲ್ಲ.

ಹೆಸರಿನ ತೊಡಕೂ ಆಗಲೇ ಕಂಡಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್, ಆಧಾರ್‌ನಲ್ಲಿ ಹೆಸರಿನ ಹಿಂದೆ ಅಪ್ಪನ ಪೂರ್ತಿ ಹೆಸರು. ರಾಷ್ಟ್ರಮಟ್ಟದ ಪರೀಕ್ಷೆಗಳಲ್ಲಿ ಗುರುತಿನ ಚೀಟಿಯ ಹೆಸರಿಗೂ ಅರ್ಜಿಯ ಹೆಸರಿಗೂ ವ್ಯತ್ಯಾಸವಿದ್ದರೆ ತೊಂದರೆ. ಆಧಾರ್ ಸರಿಪಡಿಸಿಕೊಳ್ಳಲು ಅವಳಿಗೆ ಆಗ ಸಮಯವಿತ್ತು. ಸೆಪ್ಟೆಂಬರ್‌ನಲ್ಲಿ ಕಂಡಿದ್ದರೆ ಇರುತ್ತಿರಲಿಲ್ಲ.

ನಾಲ್ಕನೇ ವರ್ಷ ಓದುವುದೋ ಬೇಡವೋ

2024ರ ಮೇ ತಿಂಗಳಲ್ಲಿ ಸರ್ಕಾರದ ಆದೇಶ ಬಂತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ, 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಮೊದಲೇ ಸೇರಿದ್ದವರು ಬೇಕಿದ್ದರೆ ನಾಲ್ಕನೇ ವರ್ಷ ಓದಬಹುದು. ಕಾಲೇಜಿನಲ್ಲಿ ಗೊಂದಲವೋ ಗೊಂದಲ. ಅವಳ ಜೊತೆಯವರು ಬಹುಪಾಲು ಮೂರಕ್ಕೇ ನಿಲ್ಲಿಸಿದರು. ಬಿಇಡಿಗೆ ಹೋದವರು, ಮಾನಸಗಂಗೋತ್ರಿಯ ಎಂಎಸ್ಸಿಗೆ ಅರ್ಜಿ ಹಾಕಿದವರು, ಬೆಂಗಳೂರಿನ ಔಷಧ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿದವರು.

ಅವಳ ಅಪ್ಪ ಒಂದು ದಿನ ಕಾಲೇಜಿಗೇ ಬಂದರು. ‘ಮೂರು ವರ್ಸಕ್ಕೇ ಡಿಗ್ರಿ ಕೊಡ್ತಾರಂತಲ್ಲ ಮೇಡಂ. ಮತ್ಯಾಕೆ ಇನ್ನೊಂದು ವರ್ಸ?’ ಎಂದು ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕೆ ಸುಲಭದ ಉತ್ತರ ಇರಲಿಲ್ಲ.

ನಾಲ್ಕನೇ ವರ್ಷದ ಪರವಾಗಿ ಇದ್ದ ವಾದ ಇವು. ಯುಜಿಸಿಯ 2022ರ ಪಿಎಚ್‌ಡಿ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಇದ್ದರೆ ಎಂಎಸ್ಸಿ ಇಲ್ಲದೆಯೂ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಮೀಸಲು ವರ್ಗದವರಿಗೆ ಶೇ 5ರ ವಿನಾಯಿತಿ. 2024ರಿಂದ ಅದೇ ಅಂಕದ ಮೇಲೆ, ಸಂಶೋಧನಾ ಫೆಲೋಶಿಪ್‌ಗೆ ಅರ್ಹತೆ ಕೊಡುವ ನೆಟ್ ಪರೀಕ್ಷೆಯನ್ನೂ ಬರೆಯಬಹುದು. ಆನರ್ಸ್ ವರ್ಷದಲ್ಲಿ ಸಂಶೋಧನಾ ಯೋಜನೆ ಇರುತ್ತದೆ. ವಿರುದ್ಧದ ವಾದವೂ ಗಟ್ಟಿಯಾಗಿತ್ತು. ಆನರ್ಸ್ ಆದವರಿಗೆ ಒಂದು ವರ್ಷದ ಎಂಎಸ್ಸಿ ಎಂದು ನೀತಿಯಲ್ಲಿ ಇತ್ತೇ ಹೊರತು, ಅದನ್ನು ನಂಬಿಕೊಂಡು ಹೆಜ್ಜೆ ಇಡುವ ಸ್ಥಿತಿ ನಮ್ಮಲ್ಲಿ ಇರಲಿಲ್ಲ. ಎರಡು ವರ್ಷದ ಎಂಎಸ್ಸಿಯನ್ನೇ ಓದಬೇಕಾಗಿ ಬಂದರೆ ಒಂದು ವರ್ಷ ಹೆಚ್ಚಾಗುತ್ತದೆ. ಮನೆಗೆ ಒಂದು ವರ್ಷದ ಖರ್ಚು, ಒಂದು ವರ್ಷದ ದುಡಿಮೆ ಎರಡೂ ಹೋಗುತ್ತವೆ.

ಅವಳು ನಾಲ್ಕನೇ ವರ್ಷಕ್ಕೆ ಸೇರಲು ನಿರ್ಧರಿಸಿದ್ದು ಪಿಎಚ್‌ಡಿ ನಿಯಮ ನೋಡಿ ಅಲ್ಲ. ತಪ್ಪಿಹೋದ ಸುತ್ತು ಅವಳಿಗೆ ಇನ್ನೊಮ್ಮೆ ಬೇಕಿತ್ತು. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗಿನ ಅರ್ಜಿಗಳ ಕಾಲವನ್ನು ವಿದ್ಯಾರ್ಥಿಯಾಗಿದ್ದುಕೊಂಡೇ, ಈ ಸಲ ತಯಾರಿಯೊಂದಿಗೆ, ಹಾಯಬೇಕಿತ್ತು. ಅಪ್ಪನಿಗೆ ಅವಳೇ ವಿವರಿಸಿದಳು. ಕಬ್ಬು ಬಲಿತ ಮೇಲೆ ಕಾರ್ಖಾನೆಗೆ ಹೋಗಿ ನಿಂತರೆ ಕಟಾವಿಗೆ ಸರದಿ ಸಿಗಲ್ಲ, ನಾಟಿ ಮಾಡಿದಾಗಲೇ ಹೆಸರು ಬರೆಸಿರಬೇಕು ಅಲ್ವಾ ಅಪ್ಪ, ಇದೂ ಹಂಗೇ ಅಂದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದೇ ವರ್ಸ’ ಅಂದರು.

ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು

ಏಳನೇ ಸೆಮಿಸ್ಟರ್ ಶುರುವಾದಾಗ ಪಟ್ಟಿ ಉದ್ದವಾಗಿತ್ತು. ಆಗಸ್ಟ್ ಕೊನೆಯಲ್ಲಿ ಗೇಟ್ ಅರ್ಜಿ, ಎಂಟೆಕ್, ಪಿಎಚ್‌ಡಿ ಪ್ರವೇಶಕ್ಕೆ ಬರೆಯುವ ಪರೀಕ್ಷೆ ಅದು. ಸೆಪ್ಟೆಂಬರ್‌ನಲ್ಲಿ ತೆರೆದು ಅಕ್ಟೋಬರ್‌ನಲ್ಲಿ ಮುಚ್ಚುವ ಜಾಮ್, ಅಂದರೆ ಎಂಎಸ್ಸಿ ಸೇರಲು ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ. ಅಕ್ಟೋಬರ್-ನವೆಂಬರ್ ಹೊತ್ತಿಗೆ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್. ಅದಾದ ಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್. ಜನವರಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿ-ಪಿಜಿ. ಡಿಸೆಂಬರ್ ಸುತ್ತಿನ ನೆಟ್. ಇದರ ಜೊತೆಗೆ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ, ಪರೀಕ್ಷಾ ಶುಲ್ಕ, ಇಂಟರ್ನಲ್ಸ್.

ಎಲ್ಲಕ್ಕೂ ಹಾಕಿಬಿಡು, ಯಾವುದಾದರೂ ಒಂದು ಸಿಗುತ್ತೆ ಎಂದು ಹೇಳುವವರು ಕಾಲೇಜಿನಲ್ಲಿ ಇದ್ದರು. ನಾನು ಇದನ್ನು ಒಪ್ಪುವುದಿಲ್ಲ. ದಿನಾ ಬಸ್ಸಿನಲ್ಲಿ ಬರುವ, ಮನೆಯಲ್ಲಿ ಹಾಲು ಕರೆಯುವ ಕೆಲಸವೂ ಇರುವ ಹುಡುಗಿಗೆ ಏಳು ಅರ್ಜಿ ಅಂದರೆ ಏಳೂ ಅರೆಬರೆ. ಶುಲ್ಕವೂ ಇದೆ. ಅವಳು ಮೂರನ್ನು ಉಳಿಸಿಕೊಂಡಳು: ಜಾಮ್, ಅಕಾಡೆಮಿಗಳ ಫೆಲೋಶಿಪ್, ಕೈಯಲ್ಲಿರಲಿ ಎಂದು ಮೈಸೂರು ವಿಶ್ವವಿದ್ಯಾಲಯದ ಎಂಎಸ್ಸಿ. ಜಾಮ್ ಯಾಕೆಂದರೆ ಒಂದೇ ಪರೀಕ್ಷೆಯ ಅಂಕದಿಂದ ಐಐಟಿ, ಐಐಎಸ್ಸಿ, ಎನ್‌ಐಟಿ ಹೀಗೆ ಹಲವು ಬಾಗಿಲು. ಹುಡುಗಿಯರಿಗೆ ಒಂದು ವಿಷಯದ ಶುಲ್ಕ ಆ ವರ್ಷ 900 ರೂಪಾಯಿ ಇತ್ತು, ಉಳಿದ ಸಾಮಾನ್ಯ ಅಭ್ಯರ್ಥಿಗಳಿಗೆ ಇದ್ದದ್ದರ ಅರ್ಧ.

ಬಿಟ್ಟದ್ದಕ್ಕೂ ಕಾರಣ ಬರೆದಿಟ್ಟುಕೊಂಡಳು. ಗೇಟ್ ಮತ್ತು ಜಾಮ್ ಎರಡೂ ಫೆಬ್ರವರಿಯಲ್ಲಿ, ಎರಡಕ್ಕೂ ಓದುವ ಕ್ರಮ ಬೇರೆ. ನೆಟ್ ಬರುವ ವರ್ಷವೂ ಇರುತ್ತದೆ. ಸಿಯುಇಟಿ ಬಿಟ್ಟದ್ದು ಮಾತ್ರ ಆಮೇಲೂ ಚರ್ಚೆಯ ವಿಷಯವೇ ಆಗಿತ್ತು. ಹೈದರಾಬಾದ್‌ನಂತಹ ಒಳ್ಳೆಯ ಕೇಂದ್ರೀಯ ವಿಶ್ವವಿದ್ಯಾಲಯದ ದಾರಿ ಅಲ್ಲಿಗೆ ಮುಚ್ಚಿತು.

ಎರಡನೇ ಸಲ ಕೇಳಿದ ರೀತಿ

ನನ್ನ ಪ್ರಕಾರ ಈ ಪ್ರಕರಣದ ತಿರುವು ಇಲ್ಲೇ ಇದೆ. ಫೆಲೋಶಿಪ್‌ಗೆ ಶಿಫಾರಸು ಪತ್ರ ಯಾರಿಂದ ಪಡೆಯುವುದು ಎಂಬ ಪ್ರಶ್ನೆ ಮತ್ತೆ ಬಂತು. ಹಿಂದಿನ ವರ್ಷ ಪತ್ರ ತಪ್ಪಿದ ಅಧ್ಯಾಪಕರನ್ನು ಬಿಟ್ಟು ಬೇರೆಯವರನ್ನು ಕೇಳು ಎಂದು ಗೆಳತಿಯರು ಹೇಳಿದರು. ಅವಳು ಅವರ ಬಳಿಯೇ ಹೋದಳು. ತನ್ನ ಪ್ರಯೋಗಾಲಯದ ಕೆಲಸವನ್ನು ಹತ್ತಿರದಿಂದ ನೋಡಿದವರು ಅವರೇ ಎಂಬುದು ಅವಳ ಲೆಕ್ಕ. ಅದು ಸರಿಯಾದ ಲೆಕ್ಕ.

ಈ ಸಲ ಅರ್ಜಿ ತೆರೆಯುವ ಮುಂಚೆಯೇ ಕೇಳಿದಳು. ಬಾಯಿಮಾತಿನಲ್ಲಿ ಹೇಳಿದ ಮೇಲೆ ವಾಟ್ಸಾಪ್‌ನಲ್ಲಿ ಹೀಗೆ ಬರೆದಳು: ‘ನಮಸ್ತೆ ಸರ್. ಬೇಸಿಗೆ ಫೆಲೋಶಿಪ್‌ಗೆ ನಿಮ್ಮ ಶಿಫಾರಸು ಪತ್ರ ಬೇಕಿತ್ತು. ನಾನು ಅರ್ಜಿ ಹಾಕಿದ ದಿನ ಲಿಂಕ್ ಇ-ಮೇಲ್‌ಗೆ ಬರುತ್ತೆ. ನೀವು ದಿನಾ ನೋಡೋ ಇ-ಮೇಲ್ ಯಾವುದು ಹೇಳಿ ಸರ್, ಅದನ್ನೇ ಕೊಡ್ತೀನಿ. ಕೊನೆ ದಿನಕ್ಕೆ ಹತ್ತು ದಿನ ಮುಂಚೆ ಒಂದ್ಸಲ, ಮೂರು ದಿನ ಮುಂಚೆ ಒಂದ್ಸಲ ನೆನಪಿಸ್ತೀನಿ. ತಪ್ಪು ತಿಳ್ಕೋಬೇಡಿ ಸರ್.’

ಆ ಕೊನೆಯ ಎರಡು ವಾಕ್ಯಗಳನ್ನು ನೋಡಿ. ನೆನಪಿಸುವುದಕ್ಕೆ ಅನುಮತಿಯನ್ನು ಮೊದಲ ದಿನವೇ ಕೇಳಿಬಿಟ್ಟಳು. ಆಮೇಲೆ ನೆನಪಿಸಿದರೆ ಅದು ಸಲುಗೆ ಆಗುವುದಿಲ್ಲ, ಕೊಟ್ಟ ಮಾತು ನಡೆಸಿದ ಹಾಗಾಗುತ್ತದೆ. ಸಂಕೋಚವನ್ನು ಬಿಡು ಎಂದು ಇಂತಹ ಮಕ್ಕಳಿಗೆ ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಸಂಕೋಚ ಇದ್ದುಕೊಂಡೇ ಕೆಲಸ ಆಗುವ ದಾರಿ ಬೇಕು. ಅವಳು ಅದನ್ನು ತಾನೇ ಕಂಡುಕೊಂಡಳು.

ಜೊತೆಗೆ ಒಂದು ಪುಟ ಕೊಟ್ಟಳು. ಅದರಲ್ಲಿ ಸೆಮಿಸ್ಟರ್‌ವಾರು ಅಂಕ, ಯಾವ ಸೆಮಿಸ್ಟರ್‌ನಲ್ಲಿ ಅವರ ಬಳಿ ಯಾವ ಪ್ರಯೋಗ ಮಾಡಿದೆ, ಮತ್ತು ತನ್ನ ಪುಟ್ಟ ಕೆಲಸವೊಂದರ ವಿವರ. ತಮ್ಮೂರಿನ ಸುತ್ತಲಿನ ಬೋರ್‌ವೆಲ್ ನೀರಿನ ಗಡಸುತನವನ್ನು ಅವಳು ಇಡಿಟಿಎ ಟೈಟ್ರೇಶನ್ ಎಂಬ ಪ್ರಯೋಗಾಲಯದ ವಿಧಾನದಿಂದ ಅಳೆದಿದ್ದಳು. ಯಾರೂ ಹೇಳದೆ, ಕಾಲೇಜು ಮುಗಿದ ಮೇಲೆ ಮಾಡಿದ ಕೆಲಸ. ಈ ಪುಟ ಕೈಯಲ್ಲಿದ್ದದ್ದರಿಂದ ಅಧ್ಯಾಪಕರ ಪತ್ರದಲ್ಲಿ ‘ಶಿಸ್ತಿನ ವಿದ್ಯಾರ್ಥಿನಿ, ಒಳ್ಳೆಯ ನಡತೆ’ ಎಂಬ ಮಾಮೂಲಿ ಸಾಲುಗಳ ಬದಲು ಆ ನೀರಿನ ಕೆಲಸ ಬಂತು. ಅವಳ ಬರಹವೂ ಅದರ ಮೇಲೆಯೇ ಇತ್ತು. ಒಂದೇ ಬೀದಿಯ ಎರಡು ಬೋರ್‌ವೆಲ್‌ಗಳಲ್ಲಿ ಗಡಸುತನ ಯಾಕೆ ಅಷ್ಟು ಬೇರೆ, ತನಗೆ ಅಳೆಯಲು ಗೊತ್ತಾಗದೆ ಉಳಿದದ್ದು ಯಾವುದು ಎಂದು ಬರೆದಿದ್ದಳು. ಗೊತ್ತಿಲ್ಲದ್ದನ್ನು ಅಷ್ಟು ನೇರವಾಗಿ ಬರೆದದ್ದು ನನಗೆ ತುಂಬಾ ಇಷ್ಟವಾಯಿತು.

ಪತ್ರ ಸಮಯಕ್ಕೆ ಮುಂಚೆಯೇ ಹೋಯಿತು. ಎರಡನೇ ನೆನಪೋಲೆಯ ಅಗತ್ಯವೇ ಬರಲಿಲ್ಲ.

ಪ್ರಮಾಣ ಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅವಳ ಬಳಿ ರಾಜ್ಯದ ಹಿಂದುಳಿದ ವರ್ಗದ 2ಎ ಪ್ರಮಾಣ ಪತ್ರ ಇತ್ತು. ಕೇಂದ್ರದ ಸಂಸ್ಥೆಗಳಲ್ಲಿ ಅದು ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ನಮೂನೆ ಬೇರೆ, ಕೆನೆಪದರಕ್ಕೆ ಸೇರಿಲ್ಲ ಎಂಬ ಒಕ್ಕಣೆ ಇರಬೇಕು, ಅದೂ ಇತ್ತೀಚಿನದಾಗಿರಬೇಕು. ರಾಜ್ಯದ ಪಟ್ಟಿಯಲ್ಲಿ ಇರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ, ಹಾಗಾಗಿ ಮೊದಲು ಅದನ್ನು ನೋಡಿಕೊಳ್ಳಬೇಕು. ಅವಳದು ಇತ್ತು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಕೌಂಟರ್‌ನಲ್ಲಿ ‘ಕೇಂದ್ರದ್ದು’ ಎಂದು ಒತ್ತಿ ಹೇಳಿ, ಸಮಯಕ್ಕೆ ಮುಂಚೆಯೇ ಪಡೆದುಕೊಂಡಳು.

ಒಂದೇ ಬೇಸಿಗೆಯಲ್ಲಿ ಎರಡು

ಐಐಟಿ ದೆಹಲಿ ನಡೆಸಿದ ಜಾಮ್ ಪರೀಕ್ಷೆ 2025ರ ಫೆಬ್ರವರಿ 2ರಂದು ಆಯಿತು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಮಾರ್ಚ್‌ನಲ್ಲಿ ಫಲಿತಾಂಶ. ರ‍್ಯಾಂಕ್ ಚೆನ್ನಾಗಿತ್ತು, ಆದರೆ ಅವಳು ಆಸೆಪಟ್ಟಿದ್ದ ಐಐಟಿಗಳಿಗೆ ಸಾಲುವಷ್ಟು ಅಲ್ಲ. ಅದೇ ಹೊತ್ತಿಗೆ ಫೆಲೋಶಿಪ್‌ಗೆ ಆಯ್ಕೆಯಾದ ಸುದ್ದಿ ಬಂತು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ವಿಜ್ಞಾನಿಯ ಬಳಿ ಎಂಟು ವಾರ.

ಸಂತೋಷದ ಹಿಂದೆಯೇ ಚಿಂತೆಯೂ ಬಂತು. ದೇಶದ ಹೆಚ್ಚಿನ ಸಂಸ್ಥೆಗಳಿಗೆ ಮೇ-ಜೂನ್ ಬೇಸಿಗೆ ರಜೆ. ನಮ್ಮಲ್ಲಿ ಆಗ ಎಂಟನೇ ಸೆಮಿಸ್ಟರ್‌ನ ಕೊನೆಯ ಪಾಠ, ಪ್ರಾಜೆಕ್ಟ್, ಅದರ ಬೆನ್ನಿಗೆ ಪರೀಕ್ಷೆ. ಫೆಲೋಶಿಪ್ ಬೇಡ ಎಂದು ಬರೆದುಬಿಡುವುದು ಒಂದು ದಾರಿ. ಹಿಂದೆ ಬೇರೆ ವಿದ್ಯಾರ್ಥಿಗಳು ಹಾಗೇ ಮಾಡಿದ್ದಾರೆ. ಕೆಲವರು ಏನೂ ಬರೆಯದೆ ಸುಮ್ಮನಾಗಿದ್ದೂ ಇದೆ. ಅದು ಮುಂದಿನವರಿಗೆ ತೊಂದರೆ.

ಅವಳು ಕೇಳಿದ ಪ್ರಶ್ನೆ ಬೇರೆ ಇತ್ತು. ‘ಮೇಡಂ, ಅಲ್ಲಿ ಮಾಡೋ ಕೆಲಸವನ್ನೇ ನಮ್ಮ ಆನರ್ಸ್ ಪ್ರಾಜೆಕ್ಟ್ ಅಂತ ತಗೋಬಹುದಾ?’ ಪ್ರಾಜೆಕ್ಟ್ ವಿಷಯಗಳ ಪಟ್ಟಿ ಇನ್ನೂ ವಿಭಾಗದಿಂದ ಹೋಗಿರಲಿಲ್ಲ. ಅದು ಹೋಗಿದ್ದರೆ ಈ ಪ್ರಶ್ನೆಗೆ ಅರ್ಥವೇ ಇರುತ್ತಿರಲಿಲ್ಲ. ಬೆಂಗಳೂರಿನ ವಿಜ್ಞಾನಿಗೆ ಇ-ಮೇಲ್ ಬರೆದಳು. ಅವರು ಒಪ್ಪಿದರು, ಎಂಟು ವಾರ ಪೂರ್ತಿ ಇರಬೇಕು ಎಂಬ ಷರತ್ತಿನ ಮೇಲೆ. ಇತ್ತ ವಿಭಾಗದಲ್ಲಿ ಚರ್ಚೆ ಸುಲಭವಾಗಿ ಮುಗಿಯಲಿಲ್ಲ. ಹಾಜರಾತಿ ಏನು ಮಾಡುವುದು, ಇವಳಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರಲ್ಲ ಎಂಬ ಆಕ್ಷೇಪ ಬಂತು. ಎಲ್ಲರೂ ಇಂತಹ ಆಯ್ಕೆ ಪತ್ರ ತಂದು ಕೇಳಲಿ, ಸಂತೋಷವಾಗಿ ಕೊಡೋಣ ಎಂದು ನಾನು ಹೇಳಿದೆ. ಕೊನೆಗೆ ಹೀಗಾಯಿತು: ಮೇ ಮಧ್ಯದವರೆಗೆ ಒಂದು ತರಗತಿಯನ್ನೂ ಬಿಡಬಾರದು, ಆ ವಿಜ್ಞಾನಿ ಸಹ ಮಾರ್ಗದರ್ಶಕರು, ಹದಿನೈದು ದಿನಕ್ಕೊಮ್ಮೆ ಕೆಲಸದ ವರದಿ ಬರಬೇಕು. ಎಲ್ಲವನ್ನೂ ವಿಭಾಗದ ಸಭೆಯ ನಡಾವಳಿಯಲ್ಲಿ ಬರೆದು ಪ್ರಾಂಶುಪಾಲರ ಸಹಿ ಹಾಕಿಸಿದೆವು. ಬಾಯಿಮಾತಿಗೆ ಬಿಡಲಿಲ್ಲ.

ಪರೀಕ್ಷೆ ಯಾವಾಗ ಎಂಬುದು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ಅದು ಜುಲೈ ಕೊನೆಗೆ ಹೋದದ್ದರಿಂದ ಎಂಟು ವಾರ ಹಿಡಿಸಿತು. ಜೂನ್‌ನಲ್ಲೇ ಬಂದಿದ್ದರೆ ಅವಳು ಫೆಲೋಶಿಪ್ ಅರ್ಧಕ್ಕೆ ಬಿಟ್ಟು ಬರಬೇಕಿತ್ತು. ಇಲ್ಲಿ ಅದೃಷ್ಟವೂ ಕೆಲಸ ಮಾಡಿದೆ. ಮಕ್ಕಳ ಬೇಸಿಗೆ ಹೀಗೆ ಅದೃಷ್ಟದ ಮೇಲೆ ನಿಲ್ಲಬಾರದು. ಪರೀಕ್ಷಾ ವೇಳಾಪಟ್ಟಿ ವರ್ಷದ ಆರಂಭದಲ್ಲೇ ಗೊತ್ತಾದರೆ ಎಷ್ಟೋ ಮಕ್ಕಳಿಗೆ ಇಂತಹ ದಾರಿ ತೆರೆಯುತ್ತದೆ.

ಸೀಟು, ಹಣ, ಅಂಕಪಟ್ಟಿ

ಜಾಮ್ ಫಲಿತಾಂಶದ ನಂತರ ಹೆಚ್ಚಿನವರು ಐಐಟಿಗಳ ಪ್ರವೇಶದ ಪೋರ್ಟಲ್ ಒಂದನ್ನೇ ನೋಡುತ್ತಾರೆ. ಎನ್‌ಐಟಿಗಳ ಎಂಎಸ್ಸಿ ಸೀಟುಗಳಿಗೆ ಸಿಸಿಎಂಎನ್ ಎಂಬ ಬೇರೆಯೇ ಕೌನ್ಸೆಲಿಂಗ್ ಇದೆ. ಜಾಮ್ ಅಂಕ ಅದೇ, ಆದರೆ ನೋಂದಣಿ ಬೇರೆ, ಶುಲ್ಕ ಬೇರೆ, ಆಯ್ಕೆಗಳ ಪಟ್ಟಿ ಬೇರೆ. ತಾನಾಗಿ ಯಾರೂ ಕರೆಯುವುದಿಲ್ಲ. ಅವಳ ಹಾಳೆಯಲ್ಲಿ ಇದು ಮೊದಲಿನಿಂದಲೂ ಒಂದು ಸಾಲಾಗಿ ಇತ್ತು. ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಕೂತು ನೋಂದಣಿ ಮಾಡಿದಳು, ದಕ್ಷಿಣದ ಒಂದು ಎನ್‌ಐಟಿಯಲ್ಲಿ ರಸಾಯನಶಾಸ್ತ್ರದ ಸೀಟು ಸಿಕ್ಕಿತು.

ಸೀಟು ಒಪ್ಪಿಕೊಳ್ಳುವ ಹಣ ಕೆಲವೇ ದಿನದಲ್ಲಿ ಕಟ್ಟಬೇಕಿತ್ತು. ಕಬ್ಬಿನ ಬಿಲ್ ಬಂದಿರಲಿಲ್ಲ. ದೊಡ್ಡಪ್ಪ, ‘ಮೈಸೂರಲ್ಲೇ ಎಂಎಸ್ಸಿ ಇರುವಾಗ ಹೆಣ್ಣುಮಗಳನ್ನ ಅಷ್ಟು ದೂರ ಯಾಕೆ ಕಳಿಸ್ತೀರಿ’ ಅಂದರು. ಮನೆಯಲ್ಲಿ ಮಾತು ನಿಂತೇಹೋಯಿತು. ಅವಳ ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ತಂದಳು. ಮಗಳು ಎಂಟು ವಾರ ಬೆಂಗಳೂರಿನಲ್ಲಿ ಒಬ್ಬಳೇ ಇದ್ದು, ಭತ್ಯೆಯಲ್ಲೇ ಖರ್ಚು ನಡೆಸಿದ್ದಾಳೆ, ಇನ್ನು ಎಲ್ಲಿಯಾದರೂ ಇರುತ್ತಾಳೆ ಎಂಬುದು ಅವ್ವನ ವಾದ. ಫೆಲೋಶಿಪ್‌ನಿಂದ ಇಂತಹ ಲಾಭವೂ ಆಗುತ್ತದೆ ಎಂದು ನಾನು ಮೊದಲು ಯೋಚಿಸಿರಲಿಲ್ಲ.

ಪರೀಕ್ಷೆ ಮುಗಿದ ಬೆನ್ನಿಗೇ ಹೊಸ ಸಂಸ್ಥೆಗೆ ಹೋಗಿ ವರದಿ ಮಾಡಿಕೊಂಡಳು. ಎಂಟನೇ ಸೆಮಿಸ್ಟರ್ ಫಲಿತಾಂಶ ಬಂದಿರಲಿಲ್ಲ. ಪರೀಕ್ಷೆ, ಪ್ರಾಯೋಗಿಕ ಎಲ್ಲ ಮುಗಿದಿದೆ ಎಂದು ಪ್ರಾಂಶುಪಾಲರು ಕೊಟ್ಟ ಪತ್ರ, ಸೆಪ್ಟೆಂಬರ್ ಕೊನೆಯೊಳಗೆ ಅಂಕಪಟ್ಟಿ ಕೊಡುತ್ತೇನೆ ಎಂಬ ಮುಚ್ಚಳಿಕೆ, ಇವುಗಳ ಮೇಲೆ ತಾತ್ಕಾಲಿಕ ಪ್ರವೇಶ ಸಿಕ್ಕಿತು. ಫಲಿತಾಂಶ ಬರುವವರೆಗೂ ನಮಗೆಲ್ಲ ಆತಂಕವೇ. ಗಡುವಿಗೆ ಮುಂಚೆ ಬಂತು.

ಈ ಪ್ರಕರಣದಿಂದ ತಿಳಿದದ್ದು

ಎಂಎಸ್ಸಿ ಸೀಟಿಗೆ ಆನರ್ಸ್ ಪದವಿ ಬೇಕಿತ್ತೇ? ಬೇಕಿರಲಿಲ್ಲ. ಮೂರು ವರ್ಷದ ಪದವಿಯ ಮೇಲೂ ಅದೇ ಸೀಟಿಗೆ ಹೋಗಬಹುದಿತ್ತು. ಇದನ್ನು ಮುಚ್ಚಿಡದೆ ಹೇಳಬೇಕು, ಯಾಕೆಂದರೆ ಒಂದು ವರ್ಷ ಅಂದರೆ ಇಂತಹ ಮನೆಗೆ ದೊಡ್ಡ ಮೊತ್ತ. ಆ ವರ್ಷ ಅವಳಿಗೆ ಕೊಟ್ಟದ್ದು ಅರ್ಜಿಗಳ ಇನ್ನೊಂದು ಸುತ್ತು, ಸಂಶೋಧನೆ ಹೇಗಿರುತ್ತದೆ ಎಂದು ಕಣ್ಣಾರೆ ನೋಡುವ ಎಂಟು ವಾರ, ಮತ್ತು ಶೇ 75 ಇರುವುದರಿಂದ ಮುಂದೆ ನೇರ ಪಿಎಚ್‌ಡಿಗೆ ಹೋಗುವ ಅರ್ಹತೆ. ಮೂರನೇ ವರ್ಷದಲ್ಲೇ ಕಾಗದಪತ್ರ ಸರಿಯಿದ್ದಿದ್ದರೆ ಮೊದಲೆರಡು ಆಗಲೇ ಸಿಗುತ್ತಿದ್ದವು.

ಸಿಯುಇಟಿ ಬಿಟ್ಟ ನಿರ್ಧಾರ ತಪ್ಪೆಂದು ಹೇಳಲಾರೆ. ಎನ್‌ಐಟಿ ಸೀಟು ಸಿಗದಿದ್ದರೆ ಆ ಮಾತೇ ಬೇರೆಯಾಗುತ್ತಿತ್ತು ಎಂದು ಅವಳೇ ಹೇಳುತ್ತಾಳೆ.

ಅಧ್ಯಾಪಕರಿಗೂ ಇಲ್ಲಿ ಕೆಲಸವಿದೆ. ನಮ್ಮ ವಿಭಾಗದಲ್ಲಿ ಈಗ ಶಿಫಾರಸು ಪತ್ರ ಬೇಕಾದವರು ಒಂದು ಪುಸ್ತಕದಲ್ಲಿ ಬರೆದು ಹೋಗುತ್ತಾರೆ: ಯಾವ ಅರ್ಜಿ, ಯಾರ ಪತ್ರ, ಯಾವ ಇ-ಮೇಲ್, ಯಾವ ದಿನ. ಕೇಳುವ ಮಕ್ಕಳಿಗೆ ಮುಜುಗರ ಕಡಿಮೆಯಾಗಿದೆ. ಮೌಲ್ಯಮಾಪನಕ್ಕೆ ಹೋಗುವವರು ಹೋಗುವ ಮುಂಚೆ ಆ ಪುಸ್ತಕ ನೋಡುತ್ತಾರೆ. ಆ ಹಿರಿಯ ಅಧ್ಯಾಪಕರೇ ಇದನ್ನು ಶುರು ಮಾಡಿಸಿದರು.

ಇನ್ನು ಮುಂದಿನವರ ಮಾತು. 2023-24ರಲ್ಲಿ ಸೇರಿದವರೇ ನಾಲ್ಕನೇ ವರ್ಷದ ಅವಕಾಶ ಇರುವ ಕೊನೆಯ ತಂಡ, ಅವರ ಆನರ್ಸ್ ವರ್ಷ 2026-27. ಅವರ ನಂತರದವರಿಗೆ ಈ ಹುಡುಗಿಗೆ ಸಿಕ್ಕ ಎರಡನೇ ಸುತ್ತು ಇಲ್ಲ. ಐದನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೇ ಜಾಮ್ ಅರ್ಜಿ ತೆರೆದಿರುತ್ತದೆ, ಅದರ ಹಿಂದೆಯೇ ಬೇಸಿಗೆ ಫೆಲೋಶಿಪ್. ಹಾಗಾಗಿ ಆಧಾರ್‌ನ ಹೆಸರು, ಕೇಂದ್ರದ ಪ್ರಮಾಣ ಪತ್ರ, ಪತ್ರ ಬರೆಯಬಲ್ಲ ಅಧ್ಯಾಪಕರ ಜೊತೆ ಒಂದು ಮಾತು, ಇವು ಮೂರೂ ನಾಲ್ಕನೇ ಸೆಮಿಸ್ಟರ್ ರಜೆಗೆ ಮುಂಚೆ ಮುಗಿದಿರಬೇಕು. ಎರಡನೇ ವರ್ಷದ ತರಗತಿಯಲ್ಲಿ ಆ ಮೂರು ಕಾಲಂನ ಹಾಳೆಯನ್ನು ಈಗ ಫೆಬ್ರವರಿಯಲ್ಲೇ ತುಂಬಿಸುತ್ತಿದ್ದೇವೆ.